ಮನೆಮಂದಿಗೆಲ್ಲ ಬೂಟು

ಅಕ್ಟೋಬರ್ ಬಂತೆಂದರೆ ಟೊರಾಂಟೊದ ಅಂಗಡಿಗಳಲ್ಲಿ ಚಪ್ಪಲಿ, ಸ್ಯಾಂಡಲ್‌ಗಳೆಲ್ಲ ಮೂಲೆಗೆ ಸರಿದು ಬೂಟುಗಳ ಗೋಡೆಯೇ ಎದ್ದು ನಿಲ್ಲುತ್ತದೆ. ಡಬ್ಬಿಗಳ ಮೇಲೆಲ್ಲ ಒಂದೊಂದು ಅಂಕಿ: ಮೈನಸ್ 25, ಮೈನಸ್ 32, ಮೈನಸ್ 40. ಊರಿಂದ ಹೊಸದಾಗಿ ಬಂದವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಹದಿನೈದು ಡಿಗ್ರಿಗೆ ಇಳಿದರೆ ಮಂಕಿ ಕ್ಯಾಪ್ ಹುಡುಕುವ ಬೆಂಗಳೂರಿನವರಿಗೆ ಮೈನಸ್ ಅನ್ನುವ ಮಾತೇ ನಡುಕ ಹುಟ್ಟಿಸುತ್ತದೆ. ಅಂಕಿ ದೊಡ್ಡದಾದಷ್ಟೂ ಒಳ್ಳೆಯದು ಎಂದುಕೊಂಡು ಅಪ್ಪ, ಅಮ್ಮ, ಮಕ್ಕಳು, ಬಾಣಂತನಕ್ಕೆಂದು ಬರಲಿರುವ ಅಜ್ಜಿ ಎಲ್ಲರಿಗೂ ಮೈನಸ್ 40ರದ್ದನ್ನೇ ತೆಗೆದು ಗಾಡಿಗೆ ತುಂಬುತ್ತಾರೆ. ನನ್ನನ್ನು ಕೇಳಿದರೆ, ಆ ಡಬ್ಬಿಯ ಮೇಲೆ ಕಟ್ಟಕಡೆಗೆ ಓದಬೇಕಾದ್ದು ಆ ಅಂಕಿಯನ್ನು.

ಅದು ಸುಳ್ಳೆಂದಲ್ಲ. ಅಳೆಯುವ ರೀತಿ ಒಂದೊಂದು ಕಂಪನಿಯದು ಒಂದೊಂದು. ತೊಟ್ಟವರು ನಡೆಯುತ್ತಲೇ ಇರುತ್ತಾರೆ ಎಂಬ ಲೆಕ್ಕದಲ್ಲಿ ಬರೆದ ಅಂಕಿಗೂ ನಿಂತವರ ಕಾಲಿಗೂ ತಾಳೆಯಾಗುವುದಿಲ್ಲ. ಹಿಮದಲ್ಲಿ ಬಿರಬಿರನೆ ನಡೆಯುವವರ ಕಾಲು ತಾನೇ ಬಿಸಿ ಹುಟ್ಟಿಸಿಕೊಳ್ಳುತ್ತದೆ. ಬಸ್ ಸ್ಟಾಪಿನಲ್ಲಿ ಇಪ್ಪತ್ತು ನಿಮಿಷ ಸುಮ್ಮನೆ ನಿಂತವರಿಗೆ ಅದೇ ಬೂಟಿನೊಳಗೆ ಮೈನಸ್ ಹತ್ತಕ್ಕೇ ಬೆರಳು ಮರಗಟ್ಟಬಹುದು. ಬೂಟು ಬಿಸಿ ಕೊಡುವುದಿಲ್ಲ, ಇದ್ದ ಬಿಸಿಯನ್ನು ಕಾಯುತ್ತದೆ ಅಷ್ಟೆ. ಚಳಿ ಹೆಚ್ಚಾದಾಗ ದೇಹ ಮೊದಲು ಹೃದಯ, ಮಿದುಳುಗಳನ್ನು ನೋಡಿಕೊಳ್ಳುತ್ತದೆ. ಕೈಕಾಲಿನ ತುದಿಗಳ ರಕ್ತನಾಳಗಳನ್ನು ಕಿರಿದು ಮಾಡಿಬಿಡುತ್ತದೆ. ಹೀಗಾಗಿ ತಲೆಗೆ ಟೋಪಿ ಇಲ್ಲದೆ, ಮೈಗೆ ತೆಳ್ಳನೆಯ ಜಾಕೆಟ್ ಹಾಕಿಕೊಂಡವರ ಕಾಲು ಎಷ್ಟು ದುಬಾರಿ ಬೂಟಿನೊಳಗಿದ್ದರೂ ತಣ್ಣಗೇ ಇರುತ್ತದೆ.

ಮೊದಲು ಕೇಳಿಕೊಳ್ಳಬೇಕಾದ್ದು, ನಾವಿರುವ ಊರಿನ ಹಿಮ ಒಣವೋ ಒದ್ದೆಯೋ ಎಂದು. ಟೊರಾಂಟೊದಲ್ಲಿ ಜನವರಿಯ ಸರಾಸರಿ ಉಷ್ಣಾಂಶ ಮೈನಸ್ 4ರ ಆಸುಪಾಸು. ಅಂದರೆ ಹಗಲು ಎಷ್ಟೋ ಸಲ ಸೊನ್ನೆ ದಾಟಿ ಹಿಮ ಕರಗುತ್ತದೆ, ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ. ರಸ್ತೆಗೆ ಸುರಿದ ಉಪ್ಪೂ ಸೇರಿ ಫುಟ್‌ಪಾತಿನ ಅಂಚಿನಲ್ಲಿ ಬೂದುಬಣ್ಣದ ಕೆಸರು ನಿಲ್ಲುತ್ತದೆ. ನೋಡಿದರೆ ಎರಡು ಅಂಗುಲ, ಕಾಲಿಟ್ಟರೆ ಪಾದದ ಗಂಟಿನವರೆಗೆ. ಇಲ್ಲಿ ಬೂಟಿಗೆ ಶತ್ರು ನೀರು. ವಿನಿಪೆಗ್‌ನಲ್ಲಿ ಅದೇ ಜನವರಿಯ ಸರಾಸರಿ ಮೈನಸ್ 16ರ ಹತ್ತಿರ. ಅಲ್ಲಿ ವಾರಗಟ್ಟಲೆ ಕರಗುವ ಮಾತೇ ಇಲ್ಲ, ಕಾಲಡಿ ಕರಕರ ಸದ್ದು ಮಾಡುವ ಒಣ ಪುಡಿ. ಅಲ್ಲಿ ಶತ್ರು ಚಳಿ. ವ್ಯಾಂಕೂವರ್‌ನವರಿಗಂತೂ ಚಳಿಗಾಲವೆಂದರೆ ಹೆಚ್ಚಾಗಿ ಮಳೆ. ಒಳ್ಳೆಯ ಮಳೆಬೂಟು, ಒಳಗೆ ಉಣ್ಣೆಯ ಸಾಕ್ಸ್ ಇದ್ದರೆ ಬಹುತೇಕ ಸಾಕು. ರಷ್ಯನ್ನರ ವಾಲೆಂಕಿಯನ್ನು ನೋಡಿ. ಉಣ್ಣೆಯನ್ನು ಬಡಿದು ಒತ್ತಿ ಮಾಡಿದ, ಹೊಲಿಗೆಯೇ ಇಲ್ಲದ ಬೂಟು ಅದು. ಒಣ ಚಳಿಗೆ ಅದರಷ್ಟು ಬೆಚ್ಚಗಿನದು ಕಡಿಮೆ. ಆದರೆ ಹಿಮ ಕರಗತೊಡಗಿದರೆ ಅದರ ಮೇಲೊಂದು ರಬ್ಬರಿನ ಹೊರಬೂಟು ತೊಡಲೇಬೇಕು, ಇಲ್ಲದಿದ್ದರೆ ನೀರು ಕುಡಿದು ಕಂಬಳಿಯಂತೆ ಭಾರವಾಗುತ್ತದೆ. ಕಾಲೇಜು ಹುಡುಗಿಯರು ಇಷ್ಟಪಡುವ ಕುರಿಚರ್ಮದ ಮೆತ್ತನೆಯ ಅಗ್ ಬೂಟುಗಳ ಹಣೆಬರಹವೂ ಇದೇ. ಡಿಸೆಂಬರಿನ ಒಣ ಬೆಳಿಗ್ಗೆ ಸುಖವೋ ಸುಖ. ಮಾರ್ಚ್ ತಿಂಗಳ ಕೆಸರಿನಲ್ಲಿ ಒಂದು ಸುತ್ತು ಹೋಗಿಬಂದರೆ ಉಪ್ಪಿನ ಬಿಳಿ ಗೆರೆ ಮೂಡಿ ಅದರ ಆಯುಷ್ಯ ಮುಗಿದಂತೆಯೇ.

ನೀರು ಮತ್ತು ಚಳಿ ಎರಡನ್ನೂ ಒಟ್ಟಿಗೆ ತಡೆಯುವ ಉಪಾಯಕ್ಕೆ ಸ್ವಾರಸ್ಯದ ಚರಿತ್ರೆಯಿದೆ. ಅಮೆರಿಕದ ಮೇಯ್ನ್ ರಾಜ್ಯದ ಲಿಯಾನ್ ಲಿಯಾನ್‌ವುಡ್ ಬೀನ್ ಎಂಬ ಬೇಟೆಯ ಹುಚ್ಚಿನ ವ್ಯಾಪಾರಿ, ಕಾಡಿನಿಂದ ಸದಾ ಒದ್ದೆ ಕಾಲಲ್ಲಿ ಮರಳಿ ಬೇಸತ್ತು, ಕೆಳಗೆ ರಬ್ಬರು ಮೇಲೆ ಚರ್ಮ ಜೋಡಿಸಿ ಬೂಟು ಹೊಲಿಸಿದ. 1912ರಲ್ಲಿ ಅಂಚೆಯ ಮೂಲಕ ಮಾರಾಟ ಶುರು ಮಾಡಿದ. ಮೊದಲು ಕಳಿಸಿದ 100 ಜೊತೆಯಲ್ಲಿ 90 ವಾಪಸ್ ಬಂದವು. ರಬ್ಬರಿಗೂ ಚರ್ಮಕ್ಕೂ ಹಾಕಿದ ಹೊಲಿಗೆ ಬಿಟ್ಟುಕೊಂಡಿತ್ತು. ಆತ ಎಲ್ಲರ ಹಣವನ್ನೂ ಹಿಂದಿರುಗಿಸಿ, ಸಾಲ ಮಾಡಿ ಮತ್ತೆ ಹೊಲಿಸಿದ. ಎಲ್.ಎಲ್. ಬೀನ್ ಕಂಪನಿ ಆ ಬೂಟನ್ನು ಇವತ್ತಿಗೂ ಮಾರುತ್ತಿದೆ. ನೂರು ವರ್ಷ ಕಳೆದರೂ ಬೂಟು ಸೋರುವ ಜಾಗ ಮಾತ್ರ ಬದಲಾಗಿಲ್ಲ. ಅಂಗಡಿಯಲ್ಲಿ ಬೂಟು ಕೈಗೆ ಬಂದ ಕೂಡಲೇ ರಬ್ಬರು ಮುಗಿದು ಬಟ್ಟೆಯೋ ಚರ್ಮವೋ ಶುರುವಾಗುವ ಗೆರೆಯ ಮೇಲೆ ಬೆರಳಾಡಿಸಬೇಕು. ಆಮೇಲೆ ಲೇಸು ಸಡಿಲಿಸಿ ನೋಡಬೇಕು: ಲೇಸಿನ ಕೆಳಗಿನ ಪಟ್ಟಿ ಎರಡೂ ಬದಿಗೆ ಮೇಲಿನವರೆಗೆ ಹೊಲಿದುಕೊಂಡಿದೆಯೇ, ಅಥವಾ ನಾವು ಆಫೀಸಿಗೆ ಹಾಕುವ ಶೂಗಳಲ್ಲಿರುವ ಹಾಗೆ ಬಿಡಿಬಿಡಿಯಾಗಿದೆಯೇ? ಬಿಡಿಯಾಗಿದ್ದರೆ ರಬ್ಬರು ಎಷ್ಟೇ ಗಟ್ಟಿಯಿರಲಿ, ನೀರು ಒಳಗೆ ಬರಲು ಅಷ್ಟು ಬಾಗಿಲು ಸಾಕು.

ಕೆನಡಾದವರು ಇದಕ್ಕೆ ಸೇರಿಸಿದ್ದು ಒಳಗಿನ ಫೆಲ್ಟ್ ಚೀಲವನ್ನು. ಒಂಟಾರಿಯೊದ ಕಿಚನರ್ ಪಟ್ಟಣದ ಕಾಫ್‌ಮನ್ ರಬ್ಬರ್ ಕಂಪನಿ 1962ರಲ್ಲಿ ಸೋರೆಲ್ ಎಂಬ ಹೆಸರಿನಲ್ಲಿ ಬೂಟು ತಂದಿತು. ಹೊರಗೆ ರಬ್ಬರು ಮತ್ತು ಚರ್ಮ, ಒಳಗೆ ಬಿಚ್ಚಿ ತೆಗೆಯಬಹುದಾದ ದಪ್ಪ ಫೆಲ್ಟಿನ ಇನ್ನೊಂದು ಬೂಟು. ಕಂಪನಿ 2000ದಲ್ಲಿ ದಿವಾಳಿಯೆದ್ದು ಹೆಸರನ್ನು ಅಮೆರಿಕದ ಕೊಲಂಬಿಯಾ ಕೊಂಡುಕೊಂಡಿತು. ಉಪಾಯ ಮಾತ್ರ ಎಲ್ಲರ ಪಾಲಾಗಿದೆ. ಈ ಒಳಚೀಲವನ್ನು ಇಲ್ಲಿ ಲೈನರ್ ಎನ್ನುತ್ತಾರೆ. ಅದು ಬಿಚ್ಚಿ ಬರುತ್ತದೋ ಇಲ್ಲವೋ ಎನ್ನುವುದು ಮನೆಯಲ್ಲಿ ಮಕ್ಕಳಿದ್ದವರಿಗೆ ಮೈನಸ್ 40ಕ್ಕಿಂತ ದೊಡ್ಡ ಪ್ರಶ್ನೆ. ತೆಳ್ಳಗಿನ ಬೂಟುಗಳಲ್ಲಿ ಫೆಲ್ಟಿನ ಬದಲು ಥಿನ್ಸುಲೇಟ್‌ನಂಥ ಕೃತಕ ನಾರು ಇರುತ್ತದೆ. ಅದರ ಮುಂದೆ 200 ಗ್ರಾಂ, 400 ಗ್ರಾಂ ಎಂದು ಬರೆದದ್ದನ್ನು ನೋಡಿ ಬೂಟಿನ ತೂಕವೆಂದು ತಿಳಿಯುವವರಿದ್ದಾರೆ. ಒಂದು ಚದರ ಮೀಟರ್ ನಾರಿನ ತೂಕ ಅದು. ಬಸ್ಸು, ಮೆಟ್ರೊ ಹತ್ತಿ ಇಳಿದು ಓಡಾಡುವವರಿಗೆ 200 ಧಾರಾಳ. ಅದಕ್ಕಿಂತ ದಪ್ಪದ್ದು ತೊಟ್ಟರೆ ಬಿಸಿಯೇರಿದ ರೈಲಿನೊಳಗೆ ಕಾಲು ಬೆವರಿ, ಹೊರಗೆ ಬಂದ ಮೇಲೆ ಅದೇ ಬೆವರು ತಣ್ಣಗಾಗಿ ಕೊರೆಯುತ್ತದೆ. ಆಫೀಸಿಗೆ ಹೋಗುವವರು ಬ್ಯಾಗಿನಲ್ಲಿ ಇನ್ನೊಂದು ಜೊತೆ ಶೂ ಇಟ್ಟುಕೊಂಡು ಓಡಾಡುವುದು ಇಲ್ಲಿ ಮಾಮೂಲು.

ಇನ್ನು ಅಳತೆ. ನಮ್ಮಲ್ಲಿ ಬರೆಯುವ ಸಂಖ್ಯೆ ಸಾಮಾನ್ಯವಾಗಿ ಬ್ರಿಟಿಷರ ಲೆಕ್ಕದ್ದು, ಇಲ್ಲಿಯದು ಅಮೆರಿಕದ್ದು. ಊರಲ್ಲಿ 8 ಹಾಕುವ ಗಂಡಸಿಗೆ ಇಲ್ಲಿ 9, ಊರಲ್ಲಿ 5 ಹಾಕುವ ಹೆಂಗಸಿಗೆ ಇಲ್ಲಿ 7. ಅದರ ಮೇಲೂ ಅರ್ಧ ಸೈಜು ದೊಡ್ಡದು ಕೊಳ್ಳುವುದೇ ವಾಸಿ. ಚಳಿಗೆ ಹೆದರಿ ಎರಡೆರಡು ಸಾಕ್ಸ್ ತುರುಕಿ ಬಿಗಿಯಾದ ಬೂಟಿನಲ್ಲಿ ಕಾಲು ತೂರಿಸುವುದು ಹೊಸಬರೆಲ್ಲ ಮಾಡುವ ಕೆಲಸ. ಬೆಚ್ಚಗಿಡುವುದು ಬಟ್ಟೆಯೊಳಗೆ ಸಿಕ್ಕಿಕೊಂಡ ಗಾಳಿ. ಒತ್ತಿ ತುಂಬಿದರೆ ಆ ಗಾಳಿಯೂ ಇಲ್ಲ, ಬೆರಳಿಗೆ ರಕ್ತವೂ ಸರಿಯಾಗಿ ಹರಿಯುವುದಿಲ್ಲ. ಬೆರಳುಗಳು ಒಳಗೆ ಆರಾಮವಾಗಿ ಕುಣಿಯುವಂತಿದ್ದು, ಹಿಮ್ಮಡಿ ಮಾತ್ರ ಕದಲದಿದ್ದರೆ ಅಳತೆ ಸರಿಯಾಗಿದೆ ಎಂದರ್ಥ. ಸಾಕ್ಸ್ ಒಂದೇ ಸಾಕು, ಅದು ಉಣ್ಣೆಯದಿರಬೇಕು. ಉಣ್ಣೆ ಸಾಕಷ್ಟು ತೇವ ಹೀರಿಕೊಂಡ ಮೇಲೂ ಬೆಚ್ಚಗೇ ಇರುತ್ತದೆ, ಹತ್ತಿ ಹಾಗಲ್ಲ. ಬೆಂಗಳೂರಿನಿಂದ ಡಜನ್‌ಗಟ್ಟಲೆ ಕಟ್ಟಿಕೊಂಡು ಬಂದ ಹತ್ತಿಯ ಸಾಕ್ಸ್‌ಗಳು ಬೇಸಿಗೆಯವರೆಗೆ ಪೆಟ್ಟಿಗೆಯಲ್ಲೇ ಇರಲಿ.

ಇವೆಲ್ಲ ಹೊಸ ಜ್ಞಾನವೇನಲ್ಲ. ಟೊರಾಂಟೊದ ಬ್ಲೂರ್ ಬೀದಿಯಲ್ಲಿ ಬಾಟಾ ಶೂ ಮ್ಯೂಸಿಯಂ ಇದೆ. ಹೌದು, ಜೂನ್ ತಿಂಗಳಲ್ಲಿ ನಮಗೆಲ್ಲ ಶಾಲೆಯ ಕಪ್ಪು ಶೂ ಕೊಡಿಸುತ್ತಿದ್ದ ಅದೇ ಬಾಟಾ ಮನೆತನದ್ದು. ಚೆಕೊಸ್ಲೊವಾಕಿಯಾದ ಆ ಕುಟುಂಬದ ಥಾಮಸ್ ಬಾಟಾ 1939ರಲ್ಲಿ ಕೆನಡಾಕ್ಕೆ ಬಂದು ನೆಲೆ ನಿಂತರು. ಅವರ ಪತ್ನಿ ಸೋನ್ಯಾ ಬಾಟಾ ಲೋಕದ ಪಾದರಕ್ಷೆಗಳನ್ನೆಲ್ಲ ಕೂಡಿಹಾಕಿದರು. ಆ ಸಂಗ್ರಹಕ್ಕೆಂದು ಕಟ್ಟಿದ ಈಗಿನ ಕಟ್ಟಡ ತೆರೆದದ್ದು 1995ರಲ್ಲಿ. ಅಲ್ಲಿನ ಸಂಗ್ರಹದಲ್ಲಿ ಉತ್ತರ ಧ್ರುವದ ಸುತ್ತಿನ ಜನರ ಬೂಟುಗಳಿವೆ. ಇನ್ಯೂಟ್ ಹೆಂಗಸರು ಸೀಲ್ ಪ್ರಾಣಿಯ ಚರ್ಮವನ್ನು ಹಲ್ಲಿನಿಂದ ಅಗಿದಗಿದು ಮೆದು ಮಾಡಿ ಬೂಟು ಹೊಲಿಯುತ್ತಿದ್ದರು. ಸೂಜಿ ಚರ್ಮದ ಅರ್ಧ ದಪ್ಪದವರೆಗೆ ಮಾತ್ರ ಹೋಗಿ ಹೊರಬರುತ್ತದೆ, ಆಚೆಗೆ ತೂತಾಗುವುದಿಲ್ಲ. ದಾರ ಪ್ರಾಣಿಯ ಸ್ನಾಯುವಿನದು. ಒದ್ದೆಯಾದರೆ ಉಬ್ಬಿಕೊಂಡು ಸೂಜಿಯ ರಂಧ್ರವನ್ನೇ ಮುಚ್ಚಿಬಿಡುತ್ತದೆ. ಒಳಗೆ ಕ್ಯಾರಿಬೂ ಜಿಂಕೆಯ ತುಪ್ಪಳದ ಇನ್ನೊಂದು ಚೀಲ. ಉತ್ತರ ಯುರೋಪಿನ ಸಾಮಿ ಜನ ಸಾಕ್ಸಿನ ಬದಲು ಒಣಗಿಸಿದ ಹುಲ್ಲನ್ನು ತುಂಬಿಕೊಳ್ಳುತ್ತಿದ್ದರು. ರಾತ್ರಿ ತೆಗೆದು ಒಣಗಿಸಿ ಬೆಳಿಗ್ಗೆ ಮತ್ತೆ ಒಳಗೆ. ನೀರು ತಡೆಯುವ ಹೊರಪದರ, ಬೆಚ್ಚಗಿಡುವ ಒಳಪದರ, ಅದನ್ನು ದಿನಾ ಒಣಗಿಸುವ ಶಿಸ್ತು. ಇಂದು ನೂರೈವತ್ತು ಡಾಲರ್ ತೆತ್ತು ನಾವು ಕೊಳ್ಳುವುದೂ ಇದನ್ನೇ.

ಮಕ್ಕಳ ಬೂಟಿನ ಪರೀಕ್ಷೆ ನಡೆಯುವುದು ಶಾಲೆಯಲ್ಲಿ. ಮೈನಸ್ ಹತ್ತಿರಲಿ ಹದಿನೈದಿರಲಿ, ಇಲ್ಲಿ ಮಕ್ಕಳನ್ನು ಬಿಡುವಿನ ವೇಳೆಯಲ್ಲಿ ಹೊರಗೆ ಬಿಡುತ್ತಾರೆ. ಮಕ್ಕಳೂ ಹಿಮದ ರಾಶಿಯ ಮೇಲೇ ಬೀಳುತ್ತಾರೆ, ಉರುಳುತ್ತಾರೆ, ಬೂಟಿನೊಳಗೆ ಹಿಮ ತುಂಬಿಕೊಂಡು ಬರುತ್ತಾರೆ. ಕಿಂಡರ್‌ಗಾರ್ಟನ್‌ನಲ್ಲಿ ಇಪ್ಪತ್ತೈದು ಮಕ್ಕಳಿಗೆ ಬೂಟು ತೊಡಿಸಲು ಟೀಚರಿಗೆ ನಾಲ್ಕು ಕೈಯಿಲ್ಲ. ಆದ್ದರಿಂದ ಮಗು ತಾನೇ ಹಾಕಿ ತಾನೇ ಬಿಚ್ಚುವಂತಿರಬೇಕು. ಲೇಸು ಬೇಡವೇ ಬೇಡ. ಒಂದೇ ಅಗಲವಾದ ವೆಲ್ಕ್ರೊ ಪಟ್ಟಿ, ಮೇಲ್ಭಾಗದಲ್ಲಿ ಎಳೆದು ಬಿಗಿಯುವ ದಾರ, ಹಿಂದೆ ಬೆರಳು ಹಾಕಿ ಎಳೆಯಲು ಕುಣಿಕೆ ಇದ್ದರೆ ಬೆಳಗಿನ ಅರ್ಧ ಜಗಳ ತಪ್ಪುತ್ತದೆ.

"ಟೈಟಾಗಿದೆಯಾ ಪುಟ್ಟಾ?" ಎಂದು ಕೇಳಿ ಪ್ರಯೋಜನವಿಲ್ಲ. ಬೂಟಿನ ಮೇಲೆ ಡೈನೋಸಾರೋ ದೀಪವೋ ಇದ್ದರೆ ಎಂಥ ಬಿಗಿಯಾದರೂ ಸರಿಯಾಗಿದೆ ಎಂದೇ ಹೇಳುತ್ತದೆ. ಲೈನರನ್ನು ಹೊರತೆಗೆದು ನೆಲಕ್ಕಿಡಿ, ಮಗುವನ್ನು ಅದರ ಮೇಲೆ ನಿಲ್ಲಿಸಿ. ಹೆಬ್ಬೆರಳಿನ ಮುಂದೆ ನಿಮ್ಮ ಹೆಬ್ಬೆಟ್ಟಿನ ಅಗಲದಷ್ಟು ಜಾಗ ಉಳಿದಿದ್ದರೆ ಈ ಚಳಿಗಾಲಕ್ಕೆ ಸಾಕು. ಮುಂದಿನ ವರ್ಷಕ್ಕೂ ಆಗಲಿ ಎಂದು ಎರಡು ಸೈಜು ದೊಡ್ಡದು ಕೊಡಿಸುವ ನಮ್ಮ ಮಧ್ಯಮವರ್ಗದ ಬುದ್ಧಿ ಇಲ್ಲಿ ಕೆಲಸಕ್ಕೆ ಬಾರದು. ಮಗು ಎಡವಿ ಬೀಳುತ್ತದೆ, ಬೂಟು ಹಿಮದಲ್ಲೇ ಉಳಿದು ಕಾಲು ಮಾತ್ರ ಮೇಲೆ ಬರುತ್ತದೆ. ಉಳಿತಾಯಕ್ಕೆ ಬೇರೆ ದಾರಿಯಿದೆ. ಮಕ್ಕಳ ಕಾಲು ಬೂಟು ಸವೆಯುವ ಮೊದಲೇ ಬೆಳೆದುಬಿಡುವುದರಿಂದ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಹೊಸದರಂತಿರುವ ಬೂಟುಗಳು ಕಾಲು ಬೆಲೆಗೆ ಸಿಗುತ್ತವೆ. ಕನ್ನಡ ಸಂಘದ ದೀಪಾವಳಿ ಊಟದಲ್ಲಿ "ನಿಮ್ಮ ದೊಡ್ಡವನದು ಈ ವರ್ಷ ಆಗಲ್ಲ ಅಲ್ವಾ?" ಎಂದು ಕೇಳಿ ಇಸಿದುಕೊಳ್ಳುವುದಕ್ಕೂ ಯಾರೂ ನಾಚುವುದಿಲ್ಲ. ತಂದ ಮೇಲೆ ಒಳಗೆ ಮಾರ್ಕರಿನಲ್ಲಿ ಹೆಸರು ಬರೆಯುವುದನ್ನು ಮರೆಯಬಾರದು, ತರಗತಿಯ ಬಾಗಿಲಲ್ಲಿ ಸಾಲಾಗಿ ನಿಂತ ಕಪ್ಪು ಬೂಟುಗಳೆಲ್ಲ ಒಂದೇ ಥರ. ಸಂಜೆ ಬಂದ ಕೂಡಲೇ ಲೈನರ್ ಎಳೆದು ಒಣಗಲು ಹಾಕಬೇಕು. ಹೀಟರಿನ ಮೇಲಿಟ್ಟರೆ ಅಂಟು ಬಿಡುತ್ತದೆ. ಬೂಟಿನೊಳಗೆ ಹಳೆಯ ಪೇಪರು ತುರುಕಿಟ್ಟರೆ ಬೆಳಗಾಗುವಷ್ಟರಲ್ಲಿ ತೇವ ಹೀರಿಕೊಂಡಿರುತ್ತದೆ.

ಹೆಚ್ಚು ಯೋಚನೆ ಮಾಡಬೇಕಾದ್ದು ಊರಿಂದ ಬರುವ ಹಿರಿಯರ ವಿಷಯದಲ್ಲಿ. ಅವರು ಗಂಟೆಗಟ್ಟಲೆ ಹೊರಗಿರುವುದಿಲ್ಲ. ಕಾರಿನಿಂದ ದೇವಸ್ಥಾನದ ಬಾಗಿಲಿಗೆ, ಮೊಮ್ಮಗಳ ಸ್ಕೂಲ್ ಬಸ್ಸಿನ ತನಕ, ಹೆಚ್ಚೆಂದರೆ ಮಾಲಿಗೆ. ಹಾಗಾಗಿ ಅವರಿಗೆ ಗಂಡಾಂತರ ಇರುವುದು ಚಳಿಯಲ್ಲಲ್ಲ, ಜಾರುವುದರಲ್ಲಿ. ಎಪ್ಪತ್ತರ ವಯಸ್ಸಿನಲ್ಲಿ ಸೊಂಟ ಮುರಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಬೂಟಿನ ತಳದಲ್ಲಿ ಆಳವಾದ ಕಚ್ಚುಗಳಿದ್ದರೆ ಜಾರುವುದಿಲ್ಲ ಎಂದು ನಂಬಿದವರೇ ಹೆಚ್ಚು. ಕಚ್ಚುಗಳು ಮೆತ್ತನೆಯ ಹಿಮದಲ್ಲಿ ಹಿಡಿತ ಕೊಡುತ್ತವೆ, ನಿಜ. ಆದರೆ ಗಟ್ಟಿ ಐಸಿನ ಮೇಲೆ ಕಚ್ಚುವುದಕ್ಕೆ ಏನಿದೆ? ಅದರಲ್ಲೂ ಸೊನ್ನೆಯ ಆಸುಪಾಸಿನಲ್ಲಿ ಐಸಿನ ಮೇಲೆ ನೀರಿನ ತೆಳುಪದರ ನಿಂತಾಗ ಅತಿ ಹೆಚ್ಚು ಜಾರುತ್ತದೆ. ಅಲ್ಲಿ ಬೇಕಾದ್ದು ಚಳಿಯಲ್ಲೂ ಮೆದುವಾಗಿರುವ ರಬ್ಬರು, ಇಲ್ಲವೇ ಉಪ್ಪುಕಾಗದದಂತೆ ತರಿತರಿಯಾದ ಏನಾದರೂ ಬೆರೆತ ತಳ.

ಟೊರಾಂಟೊದ ಪುನರ್ವಸತಿ ಸಂಸ್ಥೆಯೊಂದು, ಟೊರಾಂಟೊ ರಿಹ್ಯಾಬ್, ಇದನ್ನೇ ಹಿಡಿದು ಕೂತಿತು. ಅವರ ವಿಂಟರ್‌ಲ್ಯಾಬ್‌ನ ನೆಲ ಪೂರಾ ಐಸು. ಸ್ವಯಂಸೇವಕರಿಗೆ ಬೂಟು ತೊಡಿಸಿ, ಬಿದ್ದರೆ ಏಟಾಗದಂತೆ ಮೇಲಿನಿಂದ ಪಟ್ಟಿ ಕಟ್ಟಿ ನಡೆಸುತ್ತಾರೆ. ಕೋಣೆಯನ್ನೇ ಸ್ವಲ್ಪಸ್ವಲ್ಪವಾಗಿ ಓರೆ ಮಾಡುತ್ತ ಹೋಗುತ್ತಾರೆ. ಕಾಲು ಜಾರುವ ಮೊದಲು ಎಷ್ಟು ಡಿಗ್ರಿ ಇಳಿಜಾರು ತಡೆಯಿತು ಎನ್ನುವುದೇ ಅಂಕ. 7 ಡಿಗ್ರಿ ದಾಟಿದರೆ ಪಾಸು, ಒಂದು ಹಿಮಹೂವಿನ ಗುರುತು. ಇನ್ನೂ ಚೆನ್ನಾಗಿದ್ದರೆ ಎರಡು, ಮೂರು. 2016ರಲ್ಲಿ ಮೊದಲ ಫಲಿತಾಂಶ ಹೊರಬಂದಾಗ 98 ಬಗೆಯ ಬೂಟುಗಳಲ್ಲಿ ಪಾಸಾದದ್ದು 9 ಮಾತ್ರ. ನೋಡಲು ಭಾರೀ ಗಟ್ಟಿಮುಟ್ಟಾದ ಎಷ್ಟೋ ಬೂಟುಗಳು ನಪಾಸಾದವು. ಆಮೇಲಿನ ವರ್ಷಗಳಲ್ಲಿ ಕಂಪನಿಗಳು ಎಚ್ಚೆತ್ತುಕೊಂಡಿವೆ. ಯಾವ ಬೂಟಿಗೆ ಎಷ್ಟು ಹಿಮಹೂವು ಎಂಬ ಪಟ್ಟಿ ಯಾರು ಬೇಕಾದರೂ ನೋಡಲು ಸಿಗುತ್ತದೆ. ಅಪ್ಪ ಅಮ್ಮನಿಗೆ ಬೂಟು ಕೊಳ್ಳುವವರು ಮೊದಲು ಅದನ್ನು ನೋಡಲಿ, ಬ್ರಾಂಡು ಆಮೇಲೆ.

ಬೂಟಿನ ಮೇಲೆ ಸಿಕ್ಕಿಸಿಕೊಳ್ಳುವ ಮುಳ್ಳಿನ ರಬ್ಬರ್ ಪಟ್ಟಿಗಳೂ ಸಿಗುತ್ತವೆ. ಬೀದಿಯ ಐಸಿಗೆ ಒಳ್ಳೆಯವೇ. ಆದರೆ ಅವನ್ನು ತೊಟ್ಟು ಮಾಲಿನ ನುಣುಪು ಟೈಲ್ಸ್ ಮೇಲೆ ಕಾಲಿಟ್ಟರೆ ಹೊರಗಿನ ಐಸೇ ಮೇಲು ಅನಿಸುತ್ತದೆ. ಬಾಗಿಲಲ್ಲೇ ಬಗ್ಗಿ ಬಿಚ್ಚಬೇಕು, ಮಂಡಿನೋವಿನವರಿಗೆ ಅದು ಆಗದ ಮಾತು. ಬಗ್ಗುವ ಕಷ್ಟ ತಪ್ಪಿಸಲು ಪಕ್ಕದಲ್ಲಿ ಜಿಪ್ ಇರುವ ಬೂಟು, ಮನೆಬಾಗಿಲಲ್ಲಿ ಒಂದು ಸ್ಟೂಲು, ಉದ್ದ ಹಿಡಿಯ ಶೂಹಾರ್ನ್, ಈ ಮೂರನ್ನೂ ಒಟ್ಟಿಗೇ ತಂದುಬಿಡುವುದು ಒಳ್ಳೆಯದು.

ಕಳೆದ ನವೆಂಬರಿನಲ್ಲಿ ಮಿಸಿಸಾಗಾದ ಅಂಗಡಿಯೊಂದರ ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಹಾಸನ ಕಡೆಯ ತಾಯಿ ಮಗಳು ಕೂತಿದ್ದರು. ತಾಯಿಯ ಎರಡನೇ ಬೆರಳಲ್ಲಿ ಮೂರು ಸುತ್ತಿನ ಕಾಲುಂಗುರ. ಯಾವ ಬೂಟು ಹಾಕಿದರೂ ಅದು ಪಕ್ಕದ ಬೆರಳಿಗೆ ಒತ್ತುತ್ತಿತ್ತು.

"ಅಮ್ಮಾ, ಮನೇಲಿ ಹಾಕ್ಕೊಳ್ಳೀಯಂತೆ. ಹೊರಗೆ ಹೋಗೋವಾಗ ಮಾತ್ರ ಬಿಚ್ಚಿಡು."

"ನಿಮ್ಮಪ್ಪ ಗಟ್ಟಿಮುಟ್ಟಾಗಿದಾರೆ ಕಣೇ. ಬಿಚ್ಚೋ ಮಾತು ಮಾತ್ರ ಆಡಬೇಡ."

ಅಲ್ಲಿಗೆ ಆ ಚರ್ಚೆ ಮುಗಿಯಿತು. ಅಂಗಡಿಯ ಹುಡುಗಿ ಒಳಗೆ ಹೋಗಿ ಅದೇ ಬೂಟಿನ 'ವೈಡ್' ಅಳತೆಯದ್ದನ್ನು ತಂದಳು. ಮುಂಭಾಗ ಅಗಲವಾಗಿದ್ದ ಅದರೊಳಗೆ ಕಾಲುಂಗುರವೂ ಬೆರಳೂ ಜಗಳವಿಲ್ಲದೆ ಕೂತವು. ಬರಿಗಾಲು, ಚಪ್ಪಲಿಗಳಲ್ಲೇ ಜೀವಮಾನ ಕಳೆದ ನಮ್ಮ ಹಿರಿಯರ ಪಾದ ಮುಂದೆ ಅಗಲ. ಅವರಿಗೆ ಉದ್ದ ಹೆಚ್ಚಿಸಿ ಪ್ರಯೋಜನವಿಲ್ಲ, ವೈಡ್ ಎಂದೇ ಕೇಳಬೇಕು. ಸೀರೆಯದ್ದು ಇನ್ನೊಂದು ಸಮಸ್ಯೆ. ನೆರಿಗೆಯ ಅಂಚು ಉಪ್ಪಿನ ಕೆಸರಲ್ಲಿ ನೆನೆದರೆ ಒಣಗಿದ ಮೇಲೆ ರಟ್ಟಿನಂತೆ ಸೆಟೆಯುತ್ತದೆ. ಒಳಗೆ ಥರ್ಮಲ್ ಪ್ಯಾಂಟು, ಮೀನಖಂಡದ ಅರ್ಧದವರೆಗೆ ಬರುವ ಬೂಟು, ಸೀರೆ ಒಂದು ಗೇಣು ಮೇಲೆ. ದೇವಸ್ಥಾನದಲ್ಲಿ ಹೀಗೆ ಬರುವ ಅಜ್ಜಿಯರನ್ನು ಕಂಡು ಈಗ ಯಾರೂ ತಿರುಗಿ ನೋಡುವುದಿಲ್ಲ.

ಸಕ್ಕರೆ ಕಾಯಿಲೆ ಇರುವವರ ಬಗ್ಗೆ ಒಂದು ಮಾತು. ಅವರಲ್ಲಿ ಕೆಲವರ ಪಾದದ ನರಗಳು ಸೋತಿರುತ್ತವೆ; ಬೂಟು ಉಜ್ಜಿ ಹುಣ್ಣಾದದ್ದಾಗಲಿ, ಬೆರಳು ಹೆಪ್ಪುಗಟ್ಟುವಷ್ಟು ತಣ್ಣಗಾದದ್ದಾಗಲಿ ಗೊತ್ತೇ ಆಗುವುದಿಲ್ಲ. ರಾತ್ರಿ ಬೆಳಕಿನಲ್ಲಿ ಅಂಗಾಲು, ಬೆರಳಿನ ಸಂದು ನೋಡಿಕೊಳ್ಳಬೇಕು, ಬಗ್ಗಲಾಗದಿದ್ದರೆ ಮಕ್ಕಳು ನೋಡಬೇಕು. ತಣ್ಣಗಾದ ಪಾದವನ್ನು ಹಿಮದಿಂದ ಉಜ್ಜುವುದೂ ಬೇಡ, ಹೀಟರಿಗೆ ಒಡ್ಡುವುದೂ ಬೇಡ. ಬಿಸಿ ತಿಳಿಯದ ಪಾದ ಸುಟ್ಟುಹೋಗುತ್ತದೆ.

ಓದಲು ಬಂದು ರಾತ್ರಿ ಪಾಳಿಯಲ್ಲಿ ಗೋದಾಮಿನ ಕೆಲಸ ಮಾಡುವ ನಮ್ಮ ಹುಡುಗರಿಗೆ ಬೇಕಾದ್ದು ಬೇರೆಯೇ. ಅಲ್ಲಿ ಬೂಟಿನ ಮೇಲೆ ಹಸಿರು ತ್ರಿಕೋನದ ಗುರುತು ಇರಬೇಕೆಂದು ಕೇಳುತ್ತಾರೆ. ಬೆರಳಿನ ಮೇಲೆ ಭಾರ ಬಿದ್ದರೆ, ತಳಕ್ಕೆ ಮೊಳೆ ಚುಚ್ಚಿದರೆ ತಡೆಯುತ್ತದೆ ಎಂಬ ಕೆನಡಾದ ಮಾನಕ ಸಂಸ್ಥೆಯ ಗುರುತು ಅದು. ಬೆಳಿಗ್ಗೆ ನಾಲ್ಕಕ್ಕೆ ಬಸ್ಸಿಗೆ ನಿಲ್ಲುವವರು ಸ್ಟೀಲಿನ ಬದಲು ಕಾಂಪೊಸಿಟ್ ತುದಿಯದ್ದನ್ನು ಆರಿಸಿಕೊಂಡರೆ ವಾಸಿ, ಲೋಹ ಬೆರಳಿನ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ.

ಹೊರದೇಶಕ್ಕೆ ಹೋಗದವರಿಗೂ ಹಿಮದ ಬೂಟಿನ ಋಣ ತಪ್ಪಿದ್ದಲ್ಲ. ಮನಾಲಿ, ಗುಲ್ಮಾರ್ಗ್‌ಗಳಲ್ಲಿ ಬಾಡಿಗೆಗೆ ಕೊಡುವ ಗಂಬೂಟುಗಳು ನೀರು ತಡೆಯುತ್ತವೆ, ಬೆಚ್ಚಗಿಡುವುದಿಲ್ಲ. ಹಿಂದಿನವರ ಬೆವರೂ ಒಳಗಿರಬಹುದು. ಎರಡು ದಿನದ ಪ್ರವಾಸಕ್ಕೆ ಬೂಟು ಕೊಳ್ಳುವುದು ದಂಡ. ಬೆಂಗಳೂರಿನಿಂದ ತಲಾ ಎರಡು ಜೊತೆ ದಪ್ಪ ಉಣ್ಣೆಯ ಸಾಕ್ಸ್ ಒಯ್ದರೆ ಬಾಡಿಗೆ ಬೂಟೇ ಸಾಕು. ಹಾಗೆಯೇ ಟೊರಾಂಟೊಗೆ ಬರುವವರು ಊರಲ್ಲೇ ಬೂಟು ಕೊಂಡು ಸೂಟ್‌ಕೇಸಿನ ತೂಕ ಹೆಚ್ಚಿಸಿಕೊಳ್ಳಬೇಕಿಲ್ಲ. ವಿಮಾನ ನಿಲ್ದಾಣದಿಂದ ಕಾರಿನವರೆಗೆ ಸಾಧಾರಣ ಶೂ ಸಾಲುತ್ತದೆ. ಆ ಜಾಗದಲ್ಲಿ ಚಟ್ನಿಪುಡಿ ತನ್ನಿ.

ಕೊಳ್ಳುವ ಕಾಲ ಅಕ್ಟೋಬರ್. ಮಕ್ಕಳ ಸೈಜುಗಳು ಮೊದಲ ಹಿಮ ಬಿದ್ದ ವಾರದಲ್ಲೇ ಖಾಲಿಯಾಗುತ್ತವೆ. ಚಳಿ ಕಚ್ಚುವ ಜನವರಿ ಕೊನೆಗೆ ಅಂಗಡಿಗಳು ವಸಂತದ ಸ್ಯಾಂಡಲ್ ಜೋಡಿಸಲು ಶುರು ಮಾಡಿರುತ್ತವೆ. ಎಲ್ಲರಿಗೂ ಒಟ್ಟಿಗೆ ಒಳ್ಳೆಯದು ಕೊಳ್ಳುವಷ್ಟು ಹಣವಿಲ್ಲದಿದ್ದರೆ ನಾನಾದರೆ ಹೀಗೆ ಖರ್ಚು ಮಾಡುತ್ತೇನೆ: ಮೊದಲು ಅಜ್ಜಿ ತಾತಂದಿರ ಬೂಟಿನ ತಳಕ್ಕೆ, ಆಮೇಲೆ ಬಸ್ಸಿಗೆ ನಿಲ್ಲುವವರಿಗೆ, ಮಕ್ಕಳಿಗೆ ಸೆಕೆಂಡ್ ಹ್ಯಾಂಡ್ ಬೂಟು ತಂದು ಹೊಸ ಲೈನರ್ ಹಾಕಿ. ಮನೆಯ ಗ್ಯಾರೇಜಿನಲ್ಲಿ ಕಾರು ಹತ್ತಿ ಆಫೀಸಿನ ನೆಲಮಾಳಿಗೆಯಲ್ಲಿ ಇಳಿಯುವ ಅಪ್ಪ ಡಿಸೆಂಬರ್ 26ರ ಬಾಕ್ಸಿಂಗ್ ಡೇ ರಿಯಾಯಿತಿಯವರೆಗೆ ಕಾಯಲಿ. ಮನೆಮುಂದಿನ ಹಿಮ ಗೋರುವ ಕೆಲಸ ಅವರ ಪಾಲಿಗೇ ಬಂದಿದ್ದರೆ ಮಾತು ಬೇರೆ.